ಅರಿಸಿನದ ಅಂಗಳದ ಕೂಸುಗಳು

ಸಾಂಗಲಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ಪೇಟೆಯಲ್ಲಿ ಬಸಲಿಂಗಪ್ಪನವರ ಅರಿಸಿನದ ಅಡತಿ ಅಂಗಡಿಯೆಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಮುಂದೆ ಬಿಳಿ ಗಾದಿ ಹಾಸಿದ ಕಲ್ಲಿನ ಅಂಗಡಿ, ಹಿಂದೆ ದೊಡ್ಡ ಅಂಗಳ. ಅಲ್ಲಿ ಹೆಂಗಸರು ದಿನವಿಡೀ ಅರಿಸಿನದ ಕೊಂಬು ಆರಿಸುತ್ತಿದ್ದರು. ಅವರ ಕೂಸುಗಳು ಅದೇ ದೂಳಿನಲ್ಲಿ ಹೊರಳಾಡಿ, ಸಂಜೆಯ ಹೊತ್ತಿಗೆ ಅರಿಸಿನ ಹಚ್ಚಿಸಿಕೊಂಡ ಮದುಮಕ್ಕಳಂತೆ ಕಾಣುತ್ತಿದ್ದವು.

ಅವನ್ನು ನೋಡಿಕೋ ಎಂದು ನೀಲಗಂಗವ್ವನಿಗೆ ಯಾರೂ ಹೇಳಿರಲಿಲ್ಲ. ಅವಳು ಬಸಲಿಂಗಪ್ಪನವರ ತಮ್ಮ ಗುರುಪಾದನ ಹೆಂಡತಿ. ತವರು ಮಿರಜ. ಗುರುಪಾದ ಬೆಳೆ ನೋಡಲು ಕಸಬೆ ಡಿಗ್ರಜ ಎಂಬ ಹಳ್ಳಿಗೆ ಹೋದವನು, ಮಳೆ ಬಂತೆಂದು ಹುಣಸೆ ಮರದಡಿ ನಿಂತಾಗ ಸಿಡಿಲು ಬಡಿದು ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಅಲ್ಲಿಂದೀಚೆಗೆ ಅವಳು ಅಂಗಳ ದಾಟಿ ಮುಂದಿನ ಅಂಗಡಿಗೆ ಕಾಲಿಟ್ಟವಳಲ್ಲ. ಭಾವನೆದುರು ನಿಂತು ಮಾತಾಡಿದವಳೂ ಅಲ್ಲ. ಒಂದು ದಿನ ಸಖುಬಾಯಿ ಎಂಬ ಕೂಲಿ ಹೆಂಗಸಿನ ಕೂಸು ಅರಿಸಿನದ ತುಂಡನ್ನು ಗಂಟಲಿಗೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದಾಗ, ಇವಳೇ ಓಡಿಬಂದು ಮಗುಚಿ ಹಿಡಿದು ಬೆನ್ನು ತಟ್ಟಿ ಉದುರಿಸಿದಳು. ಮರುದಿನ ಸಖುಬಾಯಿ ಕೂಸನ್ನು ತಂದು ಇವಳ ಮಡಿಲಲ್ಲಿಟ್ಟೇ ಕೆಲಸಕ್ಕೆ ಹೋದಳು. ಅವಳನ್ನು ನೋಡಿ ಉಳಿದವರೂ ತಂದಿಟ್ಟರು.

ಅಂಗಳದ ಮೂಲೆಯ ತಗಡಿನ ಚಪ್ಪರ, ಅದರ ಮೇಲೆ ಬಾಗಿದ ಬೇವಿನ ಮರ, ಎಳೆಗೂಸುಗಳನ್ನು ಮಲಗಿಸಲು ಕೊಂಬೆಗೆ ಕಟ್ಟಿದ ಸೀರೆಯ ಜೋಳಿಗೆಗಳು. ಇಷ್ಟೇ ಅವಳ ಸಂಸಾರವಾಯಿತು. ಮಕ್ಕಳು ಅವಳನ್ನು, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ, ಮಾವಶಿ ಎಂದು ಕರೆದವು. ಬಸಲಿಂಗಪ್ಪನವರು ಬೇಡವೆನ್ನಲಿಲ್ಲ. ಗಾದಿಯ ಕಡೆಗೆ ಮಾತ್ರ ಒಂದು ಕೂಸೂ ಸುಳಿಯಬಾರದೆಂದು ಹಮಾಲರ ಬಾಯಲ್ಲಿ ಹೇಳಿಕಳಿಸಿದರು.

ವೈಶಾಖದ ಒಂದು ಮಧ್ಯಾಹ್ನ. ಹೆಂಗಸರೆಲ್ಲ ನದಿ ಕಡೆಯ ಕಣದಲ್ಲಿ ಒಣಹಾಕಿದ ಮಾಲು ಚೀಲಕ್ಕೆ ತುಂಬಲು ಹೋಗಿದ್ದರು. ಇದ್ದಕ್ಕಿದ್ದಂತೆ ಗಾಳಿ ನಿಂತಿತು. ಬೇವಿನ ಮರದ ಕಾಗೆಗಳು ಎದ್ದು ಹೋದವು. ಮೋಡ ನೀರೊಲೆಯ ಹಂಡೆಯ ತಳದಂತೆ ಕಪ್ಪಾಗಿ ಇಳಿದುಬಂತು. ದೂರದಲ್ಲಿ ಒಂದು ಗುಡುಗು ಉರುಳಿತು. ಆ ಸದ್ದು ಕೇಳಿದರೆ ಮನೆಯಲ್ಲಿ ನೀಲಗಂಗವ್ವ ಕಂಬಳಿ ಹೊದ್ದು ಮೂಲೆ ಸೇರುವವಳು. ಈಗ ಮಕ್ಕಳೆಲ್ಲ ಮೋಡ ನೋಡುವುದು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದವು. ತಾನು ಕೂಗಿದರೆ ಇವು ದಿಕ್ಕಿಗೊಂದು ಓಡುತ್ತವೆ ಎಂದು ಅವಳಿಗೆ ಅನ್ನಿಸಿತು.

ಅವಳು ಅವಸರವಿಲ್ಲದೆ ಜೋಳಿಗೆಗಳಿಂದ ಎಳೆಗೂಸುಗಳನ್ನು ಎತ್ತಿ, ಒಂದನ್ನು ಕಂಕುಳಲ್ಲಿ, ಒಂದನ್ನು ಹೆಗಲ ಮೇಲೆ ಇಟ್ಟುಕೊಂಡಳು. ಗಾಳಿ ಮರಳಿ ಬೀಸಿ ಚಪ್ಪರದ ತಗಡು ಪಟಪಟ ಬಡಿದುಕೊಳ್ಳತೊಡಗಿತ್ತು. ಮನೆ ಆಚೆ ಓಣಿಯಲ್ಲಿ. ಹತ್ತಿರವಿದ್ದ ಕಲ್ಲಿನ ಕಟ್ಟಡ ಅಂಗಡಿಯೊಂದೇ.

“ಎಲ್ಲಾರೂ ನನ್ನ ಸೀರಿ ಹಿಡಕೊಳ್ರಿ. ಬಿಟ್ಟವರಿಗೆ ಬೆಲ್ಲಾ ಇಲ್ಲ,” ಎಂದಳು. ಅವರಲ್ಲಿ ದೊಡ್ಡವಳಾದ ಶಾಲನಳನ್ನು ಸಾಲಿನ ಕೊನೆಗೆ ನಿಲ್ಲಿಸಿದಳು.

ಅಂಗಡಿಯಲ್ಲಿ ವ್ಯಾಪಾರ ನಡೆದಿತ್ತು. ಬಸಲಿಂಗಪ್ಪನವರೂ ಖರೀದಿಗೆ ಬಂದಿದ್ದ ಜೈನರ ತಾತ್ಯಾಸಾಹೇಬರೂ ಪೇಟೆಯ ಪದ್ಧತಿಯಂತೆ ಕೈಗಳನ್ನು ವಸ್ತ್ರದಡಿ ಸೇರಿಸಿ, ಬೆರಳು ಮುಟ್ಟಿ ದರ ಹೇಳುತ್ತಿದ್ದರು. ಹಿಂದಿನ ಬಾಗಿಲಿಂದ ನೀಲಗಂಗವ್ವ, ಅವಳ ಸೆರಗು ಹಿಡಿದು ಹಳದಿ ಕೂಸುಗಳ ಸಾಲು ಒಳಬಂತು. ವ್ಯಾಪಾರಿಗಳು ತಿರುಗಿ ನೋಡಿದರು.

“ಭಾವನವರ, ಚಪ್ಪರ ನಿಲ್ಲೂದಿಲ್ಲ. ಕೂಸುಗೋಳು ಇಲ್ಲೇ ಕುಂದರ್ತಾವ,” ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಬಸಲಿಂಗಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಬೆಳಕು ಸೀಳಿತು, ಮಾಳಿಗೆಯ ಮೇಲೆ ಆಣೆಕಲ್ಲು ಸುರಿಯತೊಡಗಿತು. ಅವರು ಕೈಮೇಲಿನ ವಸ್ತ್ರವನ್ನು ತೆಗೆದು, ಹತ್ತಿರ ನಿಂತಿದ್ದ ಕೂಸಿನ ದೂಳು ಹಿಡಿದ ತಲೆ ಒರೆಸಿದರು.

ನೀಲಗಂಗವ್ವ ಮಕ್ಕಳನ್ನು ಬಾಗಿಲು, ಕಿಟಕಿ, ಕಬ್ಬಿಣದ ತಕ್ಕಡಿಗಳಿಂದ ದೂರ, ಗಾದಿಯ ನಡುವೆ ಒತ್ತಾಗಿ ಕೂರಿಸಿದಳು. ಅವು ಒಂದೊಂದಾಗಿ ಅಳತೊಡಗಿದ್ದವು. ಮಿರಜದಲ್ಲಿ ಅವಳ ತವರಿನ ಮಗ್ಗುಲಿಗೆ ತಂಬೂರಿ ಮಾಡುವವರ ಮನೆಗಳು. ಅವರು ತಂಬೂರಿಯ ಸೋರೆ ಬುರುಡೆಗೆ ಕಿವಿಗೊಟ್ಟು ತಂತಿ ಮೀಟುವಾಗ ಓಣಿಯೆಲ್ಲ ಗುಂಯ್ಗುಡುತ್ತಿತ್ತು. ಅದೇ ಸ್ವರವನ್ನು ಅವಳು ಬಾಯಿ ಮುಚ್ಚಿ ಹಿಡಿದಳು. ಶಾಲನಳ ಅಂಗೈಯನ್ನು ತನ್ನ ಬೆನ್ನಿಗೆ ಒತ್ತಿಕೊಂಡಳು. ಸ್ವರದ ನಡುಕ ಕೈಗೆ ತಾಗಿ ಹುಡುಗಿಗೆ ನಗು ಬಂತು. ತಾನೂ ಗುಂಯ್ ಎಂದಳು. ಪಕ್ಕದವನು ಅವಳ ಬೆನ್ನು ಮುಟ್ಟಿದ, ಅವನದನ್ನು ಇನ್ನೊಬ್ಬ. ಸ್ವಲ್ಪ ಹೊತ್ತಿಗೆ ಅಂಗಡಿಯೇ ಜೇನುಗೂಡಾಯಿತು. ತಾತ್ಯಾಸಾಹೇಬರೂ ಕಣ್ಣು ಮುಚ್ಚಿ ದನಿ ಸೇರಿಸಿದರು.

ಆಗ ಅಂಗಳದಲ್ಲಿ ಏನೋ ಮುರಿದು ಬಿದ್ದ ದೊಡ್ಡ ಸದ್ದು. ಗುಂಯ್ಕಾರ ನಿಂತಿತು. ಬೇವಿನ ಕೊಂಬೆ ಚಪ್ಪರದ ಮೇಲೆ ಬಿತ್ತೆಂದು ನೀಲಗಂಗವ್ವನಿಗೆ ತಿಳಿಯಿತು.

“ಮ್ಯಾಲ ಮುಗಿಲಾಗ ಮುದುಕಿ ಕಡ್ಲಿ ಬೀಸಾಕತ್ತಾಳ. ಬೀಸೂಕಲ್ಲು ಜಾರಿತು, ಅಷ್ಟ,” ಎಂದು ಮತ್ತೆ ಸ್ವರ ಹಿಡಿದಳು.

ಬಸಲಿಂಗಪ್ಪನವರು ಅವಳ ಕಡೆ ನೋಡದೆ ಮೆಲ್ಲಗೆ ಅಂದರು: “ಗುರುಪಾದನೂ ಹಿಂಗ ಎಲ್ಲೆರೆ ಒಳಗ ಹೊಕ್ಕಿದ್ರ, ತಂಗಿ…” ಅವಳು ಸ್ವರ ಬಿಡದೆ ತಲೆಯಾಡಿಸಿದಳು.

ಅಷ್ಟರಲ್ಲಿ ಗೋಡೆಯಾಚೆ ಆಕ್ರಂದನ ಕೇಳಿಸಿತು. ತಾಯಂದಿರು ಆಣೆಕಲ್ಲಿನಲ್ಲೇ ಓಡಿಬಂದು ಜಜ್ಜಿಹೋದ ಚಪ್ಪರ ನೋಡಿದ್ದರು. ನೀಲಗಂಗವ್ವನ ಮಡಿಲಲ್ಲಿ ಎರಡು ಕೂಸು; ಅವಳಿಗೆ ಏಳಲಾಗಲಿಲ್ಲ. ಬಸಲಿಂಗಪ್ಪನವರೇ ರುಮಾಲಿಲ್ಲದ ತಲೆಯಲ್ಲಿ ಅಂಗಳಕ್ಕೆ ಓಡಿದರು. ಸಖುಬಾಯಿ ಕೈ ಕೊಯ್ದುಕೊಂಡು ತಗಡು ಕೀಳುತ್ತಿದ್ದಳು.

“ಸಖೂ, ತಗಡ ಬಿಡವಾ. ಎಲ್ಲಾ ಒಳಗ ಅದಾವ. ಗಾದಿ ಮ್ಯಾಲ ಅದಾವ,” ಎಂದು ಅವಳ ಕೈ ಬಿಡಿಸಿದರು.

ಮಳೆ ನಿಂತು ಹೊಳವಾದ ಮೇಲೆ ಮಕ್ಕಳು ಆಣೆಕಲ್ಲು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ ಮನೆಗೆ ಹೋದವು. ಎಲ್ಲರೂ ಹೋದ ನಂತರ ನೀಲಗಂಗವ್ವನ ಕೈ ನಡುಗಲು ಶುರುವಾಯಿತು, ನಿಲ್ಲಿಸಿದರೂ ನಿಲ್ಲದು. ಕೈಗೆ ಬಟ್ಟೆ ಕಟ್ಟಿಕೊಂಡಿದ್ದ ಸಖುಬಾಯಿ ಹೋಗದೆ ಅವಳ ಮಗ್ಗುಲಲ್ಲಿ ಕೂತಳು.

“ಈಗ ನಡಗ್ರಿ ಅಕ್ಕಾ. ಇನ್ನ ಯಾವ ಕೂಸೂ ನಿಮ್ಮ ಮಾರಿ ನೋಡೂದಿಲ್ಲ,” ಎಂದಳು. ನೀಲಗಂಗವ್ವ ಕತ್ತಲಾಗುವವರೆಗೆ ಅವಳ ಹೆಗಲಿಗೊರಗಿ ಅತ್ತಳು.

ಚಪ್ಪರವನ್ನು ಮತ್ತೆ ಕಟ್ಟಲಿಲ್ಲ. ಅಂಗಡಿಯ ಮಗ್ಗುಲ ಕಲ್ಲಿನ ಕೋಣೆಯಿಂದ ಚೀಲಗಳನ್ನು ತೆಗೆಸಿ, ತೊಲೆಗೆ ಜೋಳಿಗೆಯ ಕೊಂಡಿ ಹೊಡೆಸಿಕೊಟ್ಟರು ಬಸಲಿಂಗಪ್ಪನವರು. ಸಂಸ್ಥಾನ ಹೋಗಿ ಮುಂಬಯಿ ಪ್ರಾಂತ ಬಂದ ಮೇಲೂ ಪೇಟೆಯ ಕೂಲಿ ಹೆಂಗಸರು ಬೆಳಗಾದರೆ ಆ ಕೋಣೆಗೆ ಬಂದು, ಕೂಸನ್ನು ಮಾವಶಿಯ ಕೈಗಿತ್ತೇ ಅರಿಸಿನದ ಜರಡಿ ಹಿಡಿಯುತ್ತಿದ್ದರು.