ಕಂಟ್ರೋಲ್ ಎಸ್ ಮತ್ತು ‘ಸೌ.’

ಎಸ್ ಅಕ್ಷರವನ್ನು ಆರಿಸಿದ್ದು ನಾನೋ ಕಾಕುವೋ, ಈಗ ಹೇಳಲಾರೆ. ಬಹಳ ವರ್ಷ ಅವಳೇ ಎಂದು ಹೇಳಿಕೊಂಡು ಬಂದೆ. ಆ ದಿನ ಅಂಗಡಿಯಲ್ಲಿ ಕರೆಂಟ್ ಹೋಗಿತ್ತೆಂದು ನೆನಪು. ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡಿದ್ದೂ ನೆನಪು. ಎರಡೂ ನಿಜವಾಗಲಾರವು.

ಕಾಕು ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಧಾರವಾಡದ ಕಡೆಯವಳು. ಚಿಕ್ಕಪ್ಪ ತೀರಿಕೊಂಡ ಮೇಲೆ ದಿನಾ ಕೋಥರೂಡದ ಮನೆಯಿಂದ ಬಸ್ಸು ಹಿಡಿದು ಸದಾಶಿವ ಪೇಠದ ಒಂದು ಸಣ್ಣ ಅಂಗಡಿಗೆ ಹೋಗುತ್ತಿದ್ದಳು. ಅಲ್ಲಿ ಮರಾಠಿ ಮದುವೆ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಕೆಲಸ. ತೊಂಬತ್ತರ ದಶಕದ ಕೊನೆಯ ಮಾತು. ಅವಳ ಕೈ ನಿಧಾನ. ಲಗ್ನದ ಹಂಗಾಮು ಮುಗಿಯುವುದರೊಳಗೆ ಚುರುಕಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮಾಲೀಕ ಹೇಳಿಬಿಟ್ಟಿದ್ದ. ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ.

ನಾನಾಗ ಓದು ಮುಗಿಸಿ, ಮೂರನೇ ನೌಕರಿ ಬಿಟ್ಟು, ನಾಲ್ಕನೆಯದನ್ನು ಹುಡುಕುತ್ತಿದ್ದೆ.

“ಎರಡು ಡಿಗ್ರಿ ತೊಗೊಂಡಿ ಶ್ಯಾಣ್ಯಾ, ನನ್ನ ಕೆಲಸ ಎರಡು ಬಟ್ಟಿನಾಗ ಮುಗಿಯೂಹಂಗ ಮಾಡಿಕೊಡು ನೋಡೋಣ” ಅಂದಳು ಕಾಕು.

ಮಾಡಬಹುದಿತ್ತು. ಪದೇ ಪದೇ ಬರುವ ಮಾತುಗಳನ್ನು ಪ್ರೋಗ್ರಾಮಿನಲ್ಲಿ ಕೂಡಿಟ್ಟು, ಒಂದೊಂದಕ್ಕೂ ಒಂದು ಜೋಡಿ ಕೀ ಕೊಟ್ಟರೆ ಸಾಕು. ಮಾಲೀಕ ಊಟಕ್ಕೆ ಹೋದಾಗ ಕೂತು ಮಾಡಿದೆ. ಕಂಟ್ರೋಲ್ ಜೊತೆ ಎನ್ ಒತ್ತಿದರೆ ‘ಆಗ್ರಹಾಚೆ ನಿಮಂತ್ರಣ’, ತಪ್ಪದೆ ಬರಬೇಕೆಂಬ ಕರೆಯ ಇಡೀ ಸಾಲು. ಕೆ ಒತ್ತಿದರೆ ‘ಕೈ.’, ಕೈಲಾಸವಾಸಿ, ತೀರಿಹೋದವರ ಹೆಸರಿನ ಹಿಂದೆ ಹಾಕುವುದು. ಎಸ್ ಒತ್ತಿದರೆ ‘ಸೌ.’, ಸೌಭಾಗ್ಯವತಿ, ಗಂಡ ಇರುವ ಹೆಂಗಸಿಗೆ. ಆ ಕಾಲದ ಮರಾಠಿ ಫಾಂಟಿನಲ್ಲಿ ‘ಸೌ.’ ಮೂಡಿಸಲು ನಾಲ್ಕು ಕಡೆ ಬೆರಳಾಡಿಸಬೇಕಿತ್ತು. ಈಗ ಒಂದೇ ಏಟು. ಕಾಕು ನಾಲ್ಕು ಸಲ ಒತ್ತಿ ನೋಡಿ ನಕ್ಕಳು.

ಅವಳಿಗೊಂದು ರೂಢಿಯಿತ್ತು, ನನಗೆ ಗೊತ್ತಿರಲಿಲ್ಲ. ಕರೆಂಟ್ ಯಾವಾಗ ಬೇಕಾದರೂ ಹೋಗುತ್ತದೆಂದು, ಕೈ ನಿಲ್ಲಿಸಿದಾಗೆಲ್ಲ ಕಂಟ್ರೋಲ್ ಎಸ್ ಒತ್ತಿ ಕೆಲಸ ಉಳಿಸಿಕೊಳ್ಳಲು ಮಾಲೀಕ ಕಲಿಸಿದ್ದ. ನಾನು ಮೌಸ್ ಹಿಡಿದು ಮೆನುವಿನಲ್ಲಿ ಸೇವ್ ಹುಡುಕಿ ಒತ್ತುವವನು. ಅವಳ ಕಣ್ಣು ಸದಾ ಗಿರಾಕಿಯ ಕೈಬರಹದ ಚೀಟಿಯ ಮೇಲೆ, ಪರದೆಯ ಮೇಲಲ್ಲ. ಒಂದು ಚೀಟಿಯಲ್ಲಿ ವಧುವಿನ ತಾಯಿಯ ಹೆಸರು ಸರಿಯಾಗಿ ಓದಲು ಬರಲಿಲ್ಲವಂತೆ. ಕೈ ನಿಲ್ಲಿಸಿದಳು, ರೂಢಿಯಂತೆ ಕಂಟ್ರೋಲ್ ಎಸ್ ಒತ್ತಿದಳು, ಅಕ್ಷರಗಳನ್ನು ಬಿಡಿಸಿ ಓದಿಕೊಂಡು ಹೆಸರು ಹೊಡೆದಳು. ಬೇರೆ ಕಡೆ ಬಿದ್ದ ‘ಸೌ.’ಗಳನ್ನು ಕಾರಣ ತಿಳಿಯದೆ ಕರಡಿನಲ್ಲಿ ಅಳಿಸಿದಳು, ಈ ಹೆಸರಿನ ಹಿಂದೆ ಕೂತದ್ದು ಸರಿಯಾಗಿಯೇ ಕಂಡು ಉಳಿಯಿತು. ವಧುವಿನ ಚಿಕ್ಕಪ್ಪ ಕರಡಿಗೆ ಸಹಿ ಮಾಡಿದ. ಕಾರ್ಡು ಅಚ್ಚಾಯಿತು.

ವಧುವಿನ ತಾಯಿಗೆ ಗಂಡ ಇರಲಿಲ್ಲ.

ಆಕೆ ಕಾರ್ಡಿನ ಕಟ್ಟು ಹಿಡಿದು ಅಂಗಡಿಗೆ ಬಂದ ಹೊತ್ತಿಗೆ ನಾನು ಕಾಕುವಿನ ಪಕ್ಕದಲ್ಲೇ ನಿಂತಿದ್ದೆ. ಯಾಕೆ ಹೋಗಿದ್ದೆನೋ ಮರೆತಿದೆ. ಆಕೆ ಮರಾಠಿಯಲ್ಲಿ, ದನಿ ಎತ್ತದೆ ಹೇಳಿದಳು. ಮಾಲೀಕ ಕಾರ್ಡು ನೋಡಿದ, ಕಾಕುವಿನ ಕಡೆ ತಿರುಗಿದ.

“ಕಾಕೂ, ಉದ್ಯಾಪಾಸೂನ್ ಯೇಊ ನಕಾ.” ನಾಳೆಯಿಂದ ಬರಬೇಡಿ.

“ಅಯ್ಯ ನಮ್ಮವ್ವ, ಎಂಥಾ ಕೆಲಸ ಆತು” ಎಂದು ಕಾಕು ತನ್ನಷ್ಟಕ್ಕೆ ಅಂದುಕೊಂಡಳು. ಆ ಹೆಂಗಸು ಮುಖ ಎತ್ತಿದಳು.

“ನಮ್ಮ ಕಡಿಯವರೇನ್ರಿ?”

“ಹೌದ್ರಿ. ಧಾರವಾಡ.”

“ನಾವು ಬೆಳಗಾವಿ. ಇದು ಹೆಂಗಾತ್ರಿ?”

“ನನ್ನ ಬಟ್ಟು ಜಾರ್ತ್ರಿ. ತಪ್ಪು ನಂದ.”

ಆಕೆ ಕಾಕುವಿನ ಬರಿಗೊರಳನ್ನು ಒಂದು ಗಳಿಗೆ ನೋಡಿದಳು.

“ನಮ್ಮ ಮೈದುನ ಭಾಳ ಓದಿದಾಂವರಿ. ಕಣ್ಣು ಮುಚ್ಚಿ ಸಹಿ ಮಾಡ್ಯಾನ” ಎಂದು ಮಾಲೀಕನ ಕಡೆ ತಿರುಗಿ ಮರಾಠಿಗೆ ಹೊರಳಿದಳು. ಸಹಿ ನಮ್ಮವರದು, ಹಾಗಾಗಿ ಅರ್ಧ ತಪ್ಪು ನಮ್ಮದು. ಮತ್ತೆ ಅಚ್ಚು ಹಾಕಿ, ಆದರೆ ಟೈಪ್ ಇವರೇ ಮಾಡಬೇಕು. ಬೇರೆಯವರಾದರೆ ಹೊಸ ತಪ್ಪು ಮಾಡುತ್ತಾರೆ, ಇವರು ಇದನ್ನಂತೂ ಮತ್ತೆ ಮಾಡುವುದಿಲ್ಲ.

ಮಾಲೀಕ ಗೊಣಗಿದ, ಒಪ್ಪಿದ. ಕಾಕು ಕೂತಳು.

“ಹೆಸರಿನ ಹಿಂದ ಏನ್ ಹಾಕ್ಲಿರಿ?”

“ಏನೂ ಬ್ಯಾಡ್ರಿ. ಹೆಸರಷ್ಟ ಇರ್ಲಿ.”

ಹೊರಗೆ ಬಸ್ ಸ್ಟಾಪಿನಲ್ಲಿ ನಾನು, “ತಪ್ಪು ನಂದಂತ ನಾನು ಹೇಳಬೇಕಿತ್ತು ಕಾಕು” ಅಂದೆ.

“ಹೇಳಿದ್ರ, ಹೊರಗಿನವರ ಕೈಯಾಗ ಮಷಿನ್ ಕೊಟ್ಟಿದ್ಯಾ ಅಂತ ಇನ್ನೊಂದು ತಪ್ಪು ನನ್ನ ತಲಿಮ್ಯಾಲೆ ಬರ್ತಿತ್ತು. ಸುಮ್ನ ಬಂದು ಆ ಎಸ್ ತಗದು ಹೋಗು.”

ತೆಗೆದೆ. ಹಂಗಾಮು ಮುಗಿದ ಮೇಲೂ ಕಾಕು ಆ ಅಂಗಡಿಯಲ್ಲೇ ಇದ್ದಳು. ಮುಂದೆ ನಾನು ಹಡಪಸರದ ಒಂದು ಆಫೀಸು ಸೇರಿ, ಊಟದ ಹೊತ್ತಿಗೆ ಈ ಕಥೆ ಹೇಳಿ ನಗಿಸುತ್ತಿದ್ದೆ. ಹಳೆಯ ಕಾಲದ ಪ್ರೋಗ್ರಾಮು, ಇರುವ ಕೀಯನ್ನೇ ಮತ್ತೆ ಕೊಟ್ಟರೂ ತುಟಿ ಬಿಚ್ಚುತ್ತಿರಲಿಲ್ಲ, ನಾನಾದರೂ ಏನು ಮಾಡಲಿ ಎನ್ನುವುದು ಕಥೆಯ ಕೊನೆಯ ಮಾತು. ಹೇಳಿ ಹೇಳಿ ಅದನ್ನು ನಂಬಿಯೂ ಇದ್ದೆ.

ಒಮ್ಮೆ ಆಫೀಸಿನ ಗುಜರಿ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಸಿಕ್ಕಿತು. ಅದರಲ್ಲಿ ಅದೇ ಪ್ರೋಗ್ರಾಮು, ಅದೇ ಆವೃತ್ತಿ. ‘ಸೌ.’ ಎಂದು ಬರೆದು ಕೂಡಿಟ್ಟೆ, ಅದಕ್ಕೆ ಕೀ ಕೊಡುವ ಜಾಗಕ್ಕೆ ಹೋಗಿ ಕಂಟ್ರೋಲ್ ಎಸ್ ಒತ್ತಿದೆ. ಕೂಡಲೇ ಕೆಳಗೊಂದು ಸಾಲು ಮೂಡಿತು. ಈ ಕೀ ಈಗಾಗಲೇ ಸೇವ್ ಕೆಲಸಕ್ಕೆ ನೇಮಕವಾಗಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.