ತಾಳ್ಯದ ಲೈನಿಗೆ ಬಂದ ಒಳ್ಳೆಯ ಹೆಸರು

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಹೊಳಲ್ಕೆರೆ ಪಕ್ಕದ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರು. ಒಂದು ಕಡೆ ಕೂತಿರುವುದು ನನಗೆ ಆಗುತ್ತಿರಲಿಲ್ಲ. ಬ್ರೇಕರು ಯಾವಾಗ ಧಡ್ ಎಂದು ಬಿದ್ದು ಕರೆಂಟು ಹೋಗುತ್ತದೋ ಎಂದು ಕಿವಿ ಆ ಕಡೆಗೇ ಇರುತ್ತಿತ್ತು. ಮನೆಯಲ್ಲಿ ಬಾಗಿಲು ಜೋರಾಗಿ ಬಡಿದುಕೊಂಡರೂ ಊಟ ಬಿಟ್ಟು ಏಳುತ್ತಿದ್ದೆ. ಹೆಂಡತಿ ನಗುತ್ತಿದ್ದಳು, ನನಗೆ ನಗು ಬರುತ್ತಿರಲಿಲ್ಲ.

ಹೆಚ್ಚಾಗಿ ಬೀಳುತ್ತಿದ್ದದ್ದು ತಾಳ್ಯದ ಕಡೆ ಹೋಗುವ ಲೈನು. ಅದರ ಕಂಬಗಳ ಮೇಲಿನ ಪಿಂಗಾಣಿ ಇನ್ಸುಲೇಟರುಗಳು ಹಳೆಯವು, ಬಿರುಕು ಬಿಟ್ಟವು. ನಾಲ್ಕು ಹನಿ ಬಿದ್ದರೆ ಸಾಕು, ಕರೆಂಟು ಹೋಯಿತೆಂದೇ ಲೆಕ್ಕ. ಆಗ ನಮ್ಮ ಲೈನ್‌ಮನ್ ಸೈಕಲ್ ಹತ್ತಿ ಹೊರಡುತ್ತಿದ್ದರು. ಕುರಿ ಕಾಯುವ ಮನೆತನದವರು, ಐವತ್ತು ದಾಟಿತ್ತು, ಬಲಗಾಲಿನ ಮಂಡಿ ಕೆಟ್ಟಿತ್ತು. ಹೊಸ ಇನ್ಸುಲೇಟರು ಬಂದರೆ ಕಂಬ ಹತ್ತುವುದು ಕಮ್ಮಿಯಾಗುತ್ತದೆ ಎಂಬುದೊಂದೇ ಅವರ ಆಸೆ. ದುರ್ಗದ ಕಚೇರಿಯವರು ಹೊಸದನ್ನು ಕೊಡುತ್ತಿದ್ದುದು ತಿಂಗಳ ರಿಪೋರ್ಟಿನಲ್ಲಿ ಯಾವ ಲೈನು ಹೆಚ್ಚು ಸಲ ಕೆಟ್ಟಿದೆಯೋ ಅದಕ್ಕೆ. ಆ ರಿಪೋರ್ಟು ಬರೆಯುತ್ತಿದ್ದವನು ನಾನು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೋದ ಕರೆಂಟನ್ನು ಐದು ನಿಮಿಷದೊಳಗೆ ಮತ್ತೆ ಕೊಟ್ಟರೆ ಬರೆಯಬೇಕಾಗಿರಲಿಲ್ಲ. ರಿಪೇರಿಗೆಂದು ನಾವೇ ನಿಲ್ಲಿಸಿದರೆ ಅದು ‘ಎಲ್ಸಿ’, ಅಂದರೆ ಲೈನ್ ಕ್ಲಿಯರ್, ಅದೂ ಕೆಟ್ಟ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಇವೆರಡನ್ನೂ ನಾನು ಚೆನ್ನಾಗಿ ಪಳಗಿಸಿಕೊಂಡೆ. ಲೈನು ಬಿದ್ದರೆ ಗಡಿಯಾರ ನೋಡಿಕೊಂಡು ಐದು ನಿಮಿಷದೊಳಗೆ ಬ್ರೇಕರು ಎತ್ತುತ್ತಿದ್ದೆ. ಏಳದೇ ಹೋದರೆ, ಲೈನ್‌ಮನ್ ಕಂಬ ಹತ್ತಿದ್ದನ್ನೇ ನೆಪ ಮಾಡಿಕೊಂಡು ಇಡೀ ಹೊತ್ತಿಗೆ ಎಲ್ಸಿ ಎಂದು ಬರೆಯುತ್ತಿದ್ದೆ. ಉಳಿದ ಪಾಳಿಯವರೂ ನನ್ನನ್ನು ನೋಡಿ ಕಲಿತರು. ತಾಳ್ಯದ ಲೈನು ಒಳ್ಳೆಯದು ಎಂದು ಹೆಸರಾಯಿತು. ದುರ್ಗದ ಕಚೇರಿಯ ಸಾಹೇಬರು ಒಮ್ಮೆ ಬೆನ್ನು ತಟ್ಟಿದಾಗ ಹಿಗ್ಗಿ ಹೀರೇಕಾಯಿಯಾದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ.

ಒಂದು ರಜೆಯ ದಿನ ಲೈನ್‌ಮನ್ ಜೊತೆ ತಾಳ್ಯಕ್ಕೆ ಹೋದೆ. ಮನೆಯಲ್ಲಿ ಕೂರಲಾಗದೆ ಹೋದದ್ದು, ಬೇರೆ ಕಾರಣವಿಲ್ಲ. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಸಾಬರು ಚಹಾ ತರಿಸಿ, ಗೋಡೆ ತೋರಿಸಿದರು. ಸುಣ್ಣದ ಗೋಡೆಯ ತುಂಬ ಇದ್ದಿಲಿನ ಗೀಟುಗಳು. ಕರೆಂಟು ಹೋದಾಗಲೆಲ್ಲ ಒಂದು ಗೀಟು, ಅರ್ಧ ನಿಮಿಷಕ್ಕೂ ಒಂದೇ, ಅರ್ಧ ದಿನಕ್ಕೂ ಒಂದೇ. ನಿಮಿಷದಲ್ಲಿ ವಾಪಸ್ಸು ಬಂದರೂ ಕಲ್ಲಿನ ನಡುವೆ ಸಿಕ್ಕಿಕೊಂಡ ರಾಗಿಯನ್ನು ಬಿಡಿಸದೆ ಮೋಟರು ಹಾಕುವಂತಿಲ್ಲ, ಅಷ್ಟು ಹೊತ್ತೂ ಹೆಂಗಸರು ಪುಟ್ಟಿ ಇಟ್ಟುಕೊಂಡು ಕಾಯಬೇಕು ಎಂದು ವಿವರಿಸಿದರು. ದನಿ ಏರಿಸಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು.

“ಇದು ಈ ತಿಂಗಳದ್ದು. ನಿಮ್ಮ ಬುಕ್ಕಿನಾಗೆ ಎಷ್ಟೈತ್ರಿ ಸಾರ್?”

ನನ್ನ ಪುಸ್ತಕದಲ್ಲಿ ಎರಡಿತ್ತು. ಗೋಡೆಯ ಮೇಲೆ ನಲವತ್ತರವರೆಗೆ ಎಣಿಸಿ ಬಿಟ್ಟೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ವಾಪಸ್ಸು ಬರುವಾಗ ಲೈನ್‌ಮನ್ ಏನೇನೋ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ ಅಷ್ಟೆ.

ಮುಂದಿನ ತಿಂಗಳು ಬಿದ್ದದ್ದನ್ನೆಲ್ಲ ಬಿದ್ದದ್ದೆಂದೇ ಬರೆದು, ರಿಪೋರ್ಟು ಹಿಡಿದು ದುರ್ಗಕ್ಕೆ ಹೋದೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋದೆ. ಸಾಹೇಬರು ಹಳೆಯ ರಿಪೋರ್ಟುಗಳನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದರು. ವರ್ಷವಿಡೀ ಚೆನ್ನಾಗಿದ್ದ ಲೈನು ಒಂದೇ ತಿಂಗಳಲ್ಲಿ ಹೀಗಾದದ್ದು ಹೇಗೆ ಎಂದರು. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಈ ಸಲದ ಇನ್ಸುಲೇಟರುಗಳು ಭರಮಸಾಗರದ ಕಡೆ ಹೋಗಿಯಾಯಿತು, ಅಲ್ಲಿಯವರು ಎಲ್ಲ ಬರೆದು ಕಳಿಸಿದ್ದರು, ಒಂದು ತಿಂಗಳ ಕಾಗದ ತೋರಿಸಿದರೆ ಮೇಲಿನವರು ಒಪ್ಪುವುದಿಲ್ಲ ಎಂದರು. ಇನ್ನೊಂದು ವರ್ಷ ಸರಿಯಾಗಿ ಬರೆದು ಕಳಿಸಿ, ಆಮೇಲೆ ನೋಡೋಣ ಎಂದು ಫೈಲು ಕಟ್ಟಿದರು.

ನಾನು ಸ್ಟೇಷನ್ನಿಗೆ ಮರಳಿದಾಗ ಲೈನ್‌ಮನ್ ಬೇವಿನ ಮರದಡಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಸುತ್ತಿ ಬಳಸಿ ಹೇಳಲು ಹೊರಟು, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಇನ್ನೊಂದು ವರ್ಷ ಏನೂ ಬರುವುದಿಲ್ಲ, ತಪ್ಪು ನನ್ನದು, ಲೈನು ಕೆಟ್ಟದ್ದನ್ನು ನಾನು ಬರೆದೇ ಇರಲಿಲ್ಲ ಎಂದೆ.

ಅವರಿಗೆ ಓದಲು ಬರುತ್ತಿರಲಿಲ್ಲ. ಕಂಬ ಇಳಿದು ಬಂದಾಗಲೆಲ್ಲ ನನ್ನ ಮೇಜಿನ ಮುಂದೆ ನಿಂತು ಯಾವ ಕಂಬ, ಎಷ್ಟು ಹೊತ್ತು ಎಂದು ಹೇಳಿ, ನಾನು ಬರೆದು ಮುಗಿಸುವವರೆಗೂ ಕದಲುತ್ತಿರಲಿಲ್ಲ.

“ಹಂಗಾದ್ರೆ ನಾನು ಹೇಳ್ತಿದ್ದಾಗ ಏನು ಬರ್ಕಂತಿದ್ರಿ ಸಾರ್?”

ಎಲ್ಸಿ ಎಂದೆ. ಅದು ಕೆಟ್ಟ ಲೆಕ್ಕಕ್ಕೆ ಸೇರುವುದಿಲ್ಲ ಎಂದೂ ಹೇಳಬೇಕಾಯಿತು. ಅವರು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು, ಪಂಚೆಯನ್ನು ಮಂಡಿಯ ಮೇಲೆ ಎಳೆದುಕೊಂಡರು.

“ಅಂದ್ರೆ ಲೈನು ಚೆಂದಾಗೈತೆ, ನಾನೇ ಸುಮ್‌ಸುಮ್ಕೆ ಹತ್ತಿ ಇಳಿದೀನಿ ಅಂತ ಆತಲ್ರಿ.”