ಮಗ್ಗದ ಸಪ್ಪಳದೊಳಗಿನ ಮಾತು

ಇವತ್ತು ಮುಂಜಾನೆ ನಮ್ಮ ಗಲ್ಲಿಯಲ್ಲಿ ಕರೆಂಟ್ ಹೋಯಿತು. ಎದುರು ಮನೆಯ ಮಗ್ಗ ಖಟಪಟ ಅನ್ನುತ್ತಿದ್ದದ್ದು ಒಮ್ಮೆಲೇ ನಿಂತಿತು. ಅದರಲ್ಲೇನು ವಿಶೇಷ ಅನ್ನುತ್ತೀರಿ. ಸೊಲ್ಲಾಪುರದಲ್ಲಿ ಕರೆಂಟ್ ಹೋಗುವುದು, ಮಗ್ಗ ನಿಲ್ಲುವುದು ಹೊಸದಲ್ಲ. ಆದರೆ ಆ ಸಪ್ಪಳ ನಿಂತಾಗಲೆಲ್ಲ ನನ್ನ ಕೈ ತಾನಾಗಿಯೇ ಹೋಗಿ ಬಾಯಿ ಮುಚ್ಚುತ್ತದೆ. ನೋಡಿದವರು, ಮುದುಕನಿಗೆ ಆಕಳಿಕೆ ಬಂತು ಅಂದುಕೊಂಡಾರು. ಆಕಳಿಕೆಯಲ್ಲ. ಕೂಡ್ರಿ, ಹೇಳುತ್ತೇನೆ.

ನಮ್ಮದು ಅಕ್ಕಲಕೋಟೆ ಕಡೆಯ ಹನ್ನೂರ. ಊರಿನಲ್ಲಿ ಯೇಸುವಿಗೆ ಕೈ ಮುಗಿಯುವ ಮನೆ ನಮ್ಮದೊಂದೇ. ಉಳಿದ ಮನೆಗಳಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುವ ಹಾಡು ಹೇಳುತ್ತಿದ್ದರೆ, ನಮ್ಮವ್ವ ಬೀಸುಕಲ್ಲಿನ ಗುರುಗುರು ಸಪ್ಪಳದ ಅಡಿಯಲ್ಲಿ ದೇವರ ಜೋಡಿ ಮಾತಿಗೆ ಕೂತಿರುತ್ತಿದ್ದಳು. "ಯಪ್ಪಾ ಕರ್ತನೇ, ಇವತ್ತ ಮೊಣಕಾಲ ಭಾಳ ಹಿಡದಾವ. ರೊಟ್ಟಿ ಬಡಿಯೂತನಕ ತಡಕೊಳ್ಳೂ ಹಂಗ ಮಾಡು." ಬೇಡುವುದೂ ಅಷ್ಟೇ, ಆ ದಿನಕ್ಕೆ ಸಾಕಾಗುವಷ್ಟು. ನಾಳಿನದು ನಾಳೆ ಬೀಸುವಾಗ. ಕೌದಿಯೊಳಗೆ ಮಲಗಿ ನಾನು ಅದನ್ನೆಲ್ಲ ಕೇಳುತ್ತಿದ್ದೆ. ಊರ ಸಾಲಿಯನ್ನು ಮೂರನೇ ಇಯತ್ತೆಗೇ ಬಿಟ್ಟೆ. ಆ ಬೀಸುಕಲ್ಲಿನ ಸಾಲಿ ಮಾತ್ರ ಬಿಡಲಿಲ್ಲ.

ಅವ್ವ ತೀರಿಕೊಂಡ ವರ್ಷ ಸೊಲ್ಲಾಪುರಕ್ಕೆ ಬಂದು ಮಿಲ್ಲಿನ ಮಗ್ಗದ ಖಾತೆಗೆ ಸೇರಿದೆ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಕೆಲಸದಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ, ಈಗಲೂ ಎದೆ ತಟ್ಟಿ ಹೇಳುತ್ತೇನೆ. ನನ್ನ ಬಟ್ಟೆಯಲ್ಲಿ ತಪ್ಪು ಎಳೆ ಹುಡುಕಬೇಕಾದರೆ ನಮ್ಮ ಮೇಲಿನ ಮುಕಾದಮ ಜಾಬರನಿಗೆ ಕಣ್ಣು ನೋಯಬೇಕಿತ್ತು. ಆದರೆ ಚಾಳಿನಲ್ಲಿ ಬಾಡಿಗೆಗೆ ಹಿಡಿದ ಖೋಲಿ ಇತ್ತಲ್ಲ, ಅದು ನನ್ನನ್ನು ಸೋಲಿಸಿತು. ಸಂಜೆ ಮಿಲ್ಲಿನ ಭೋಂಗಾ ಕೂಗಿದ ಮೇಲೆ ಬಂದು ಒಬ್ಬನೇ ರೊಟ್ಟಿ ಮುರಿಯಬೇಕು. ಪ್ರಾರ್ಥನೆಗೆ ಮೊಣಕಾಲೂರಿದರೆ ನನ್ನ ದನಿಯೇ ಗೋಡೆಗೆ ಬಡಿದು ನನಗೆ ಕೇಳಿಸುತ್ತಿತ್ತು. ಎರಡು ಮಾತಿಗೇ ನಾಲಿಗೆ ನಿಂತುಬಿಡುತ್ತಿತ್ತು.

ರವಿವಾರ ಚರ್ಚಿಗೆ ಹೋಗುತ್ತಿದ್ದೆ. ಅಲ್ಲಿ ಎಲ್ಲವೂ ಮರಾಠಿ. ಹಾಡಿನ ಪುಸ್ತಕ ಕೈಗೆ ಕೊಟ್ಟರೆ ಓದಲಿಕ್ಕೆ ಬಾರದು, ಬಾರದು ಅಂತ ಹೇಳಲಿಕ್ಕೆ ಸೊಕ್ಕು ಬಿಡದು. ಸುಮ್ಮನೆ ಪುಸ್ತಕ ತೆರೆದು ತುಟಿ ಅಲ್ಲಾಡಿಸುತ್ತಿದ್ದೆ. ಒಮ್ಮೆ ಪಕ್ಕದ ಅಜ್ಜಿಯೊಬ್ಬಳು ಮಾತಿಲ್ಲದೆ ಕೈ ಚಾಚಿ, ಹಾಳೆ ತಿರುವಿ, ಸರಿಯಾದ ಹಾಡು ಹುಡುಕಿಕೊಟ್ಟಳು. ನಾಚಿಕೆಗೆ ಅಂದಿನಿಂದ ಕೊನೇ ಬೆಂಚಿನಲ್ಲಿ ಕೂತು, ಯಾರಾದರೂ ಹೆಸರು ಕೇಳುವ ಮೊದಲೇ ಎದ್ದು ಬರತೊಡಗಿದೆ.

ಕಡೆಗೆ ಮಿಲ್ಲಿನಲ್ಲೇ ಒಂದು ಉಪಾಯ ಸಿಕ್ಕಿತು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಆ ಖಾತೆಯಲ್ಲಿ ಮಗ್ಗುಲಲ್ಲಿ ನಿಂತವನು ಕೂಗಿದರೂ ಕೇಳದು. ಇದೇ ಅವ್ವನ ಬೀಸುಕಲ್ಲು ಅಂದುಕೊಂಡೆ. ಮುಂಜಾನೆ ಲಾಳಿ ಓಡತೊಡಗಿದ ಕೂಡಲೇ ಗಂಟಲು ಬಿಚ್ಚಿ ಪ್ರಾರ್ಥನೆ ಮಾಡುವುದು. ಹರಿದ ಎಳೆಗೆ ಗಂಟು ಹಾಕುತ್ತ ಆ ದಿನಕ್ಕಾಗುವಷ್ಟು ಬೇಡುವುದು. ಎರಡು ವರ್ಷ ಹೀಗೆ ನಡೆಯಿತು. ಸಂಜೆಯ ಖೋಲಿಯನ್ನು ಆ ಬಲದ ಮೇಲೆಯೇ ತಡೆದುಕೊಂಡೆ.

ಒಂದು ದಿನ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಸುಮ್ಮನಾದವು. ನನ್ನ ಬಾಯಿಗೆ ಅದು ತಿಳಿಯಲಿಲ್ಲ.

"ಇಷ್ಟ ಮಂದಿ ಅದಾರ, ನನ್ನ ಹೆಸರ ಹಿಡದ ಕರಿಯವರು ಒಬ್ಬರಿಲ್ಲಲ್ಲೋ ಯಪ್ಪಾ! ನೀನರೆ ಒಮ್ಮಿ ಕರಿ!"

ತಗಡಿನ ಮಾಡಿಗೆ ಬಡಿದು ಮಾತು ಮೂಲೆ ಮೂಲೆಗೆ ಹೋಯಿತು. ಎಲ್ಲ ಮುಖಗಳೂ ನನ್ನ ಕಡೆ. "ಅರೇ, ತ್ಯಾಚಂ ನಾವ ತರೀ ಕಾಯ?" ಎಂದು ಒಬ್ಬ ನಗುತ್ತ ಮರಾಠಿಯಲ್ಲಿ ನನ್ನ ಹೆಸರು ಕೇಳಿದ. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ನಾನು ಹೇಳಿಯೂ ಇರಲಿಲ್ಲ. ಎಲ್ಲರಿಗೂ ನಾನು 'ಹನ್ನೂರಕರ' ಅಷ್ಟೇ. ಜಾಬರ್ ಹಾಜರಿ ಪುಸ್ತಕ ನೋಡಿ ಹೆಸರು ಹೇಳಿಕೊಟ್ಟ. ಆಮೇಲೆ ಕೇಳಬೇಡಿ. ಇಡೀ ಖಾತೆ ಹೋ ಎಂದು ನನ್ನ ಹೆಸರು ಕೂಗಿತು. "ಏ, ದೇವರು ಕರಿಯಾಕತ್ತಾನ, ಓ ಅನ್ನೋ!"

ಅವತ್ತೇ ಬಾಯಿ ಹೊಲಿದುಕೊಂಡೆ. ಮಗ್ಗದ ಮುಂದೂ ಪ್ರಾರ್ಥನೆಯಿಲ್ಲ, ಖೋಲಿಯಲ್ಲೂ ಇಲ್ಲ. ದೇವರ ಮೇಲೂ ಸಿಟ್ಟು: ಕರಿ ಅಂದರೆ ಹೀಗೆ ಕರೆಯುವುದೇ? ಹನ್ನೂರಿಗೆ ಹೋಗಿ ಕಂಡವರ ಹೊಲದಲ್ಲಿ ಕೂಲಿ ಮಾಡಿದರಾಯಿತು ಎಂದು ಟ್ರಂಕಿಗೆ ಅರಿವೆ ತುಂಬಿಟ್ಟೆ.

ನನ್ನ ಪಕ್ಕದ ಮಗ್ಗ ಮಂದ್ರೂಪದ ಬೀರಪ್ಪನದು. ಕುರಿ ಕಾಯುವ ಮನೆತನ. ಮಗ್ಗ ಶುರು ಮಾಡುವ ಮೊದಲು ನಡುವಿನ ಚೀಲದಿಂದ ಕುಲದೇವರು ಬೀರೋಬಾನ ಅರಿಷಿಣದ ಭಂಡಾರ ತೆಗೆದು ಹಣೆಗೆ ಹಚ್ಚಿಕೊಳ್ಳುವವನು. ಆ ದಿನ ನಗದೆ ಇದ್ದವನು ಅವನೊಬ್ಬನೇ. ವಾರ ಕಳೆದಿರಬೇಕು, ಊಟದ ಸುಟ್ಟಿಯಲ್ಲಿ ಬುತ್ತಿ ತಂದು ನನ್ನೆದುರು ಕೂತ. ಮೆಲ್ಲಗೆ ಹೆಸರು ಹಿಡಿದೇ ಕರೆದ.

"ಯಾಕೋ ತಮ್ಮಾ, ಬಾಯಿ ಬಂದ್ ಮಾಡೀದಿ?"

"ಎಲ್ಲಾರೂ ಕೇಳಿ ನಕ್ಕರಲ್ಲಣ್ಣಾ."

"ಅವರು ಆ ಒಂದ ದಿವಸ ಕೇಳ್ಯಾರ. ನಾ ಎರಡ ವರ್ಷ ಆತು, ದಿನಾ ನೋಡಾಕತ್ತೀನಿ."

"ಏನ ನೋಡಾಕತ್ತೀ?"

"ನಿನ್ನ ತುಟಿ."

ನನ್ನ ಶಾಣ್ಯಾತನ ನೋಡಿ. ಆ ಸಪ್ಪಳದಲ್ಲಿ ಮಗ್ಗದವರು ಮಾತಾಡುವುದೇ ತುಟಿ ನೋಡಿ. ನಾಲ್ಕು ಮಗ್ಗದ ಆಚೆ ನಿಂತವನ ತುಟಿ ಓದಿ ಅವನಿಗೆ ತಂಬಾಕು ಕೊಟ್ಟುಬರುತ್ತಿದ್ದವನು ನಾನು. ನನ್ನ ಮುಖದ ಮೇಲೂ ತುಟಿಗಳಿವೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ!

"ಮತ್ತ ಹೇಳಬಾರದಿತ್ತೇನು?"

"ದೇವರ ಜೋಡಿ ಮಾತಾಡವನ ನಡುವ ನಾ ಯಾಕ ಬಾಯಿ ಹಾಕಲಿ?" ಬೀರಪ್ಪ ರೊಟ್ಟಿ ಮುರಿದು ಅರ್ಧ ನನ್ನ ಮುಂದಿಟ್ಟ. "ಹ್ವಾದ ವರ್ಷ ನನ್ನ ಕೂಸು ಜ್ವರ ಬಂದು ತೀರಿಹೋತು. ಬೀರೋಬಾನ ಹೆಸರ ಬಾಯಾಗ ಬರಲಾರದಂಗ ಆಗಿತ್ತು. ನಿನ್ನ ತುಟಿ ನೋಡಕೋತ ನಿಂತೆ. ಈ ಮಗ ಒಬ್ಬಾವ ಇದ್ದರೂ ಬೇಡೂದ ಬಿಟ್ಟಿಲ್ಲ, ನಾನೂ ಬೇಡೂಣು ಅನಿಸ್ತು. ಈಗ ನೀ ಬಾಯಿ ಮುಚ್ಚೀದಿ. ನಾ ಯಾರ ಕಡೆ ನೋಡಲಿ?"

ಮರುದಿನ ಲಾಳಿ ಓಡಿತು. ಬಾಯಿ ತೆರೆಯಲಿಕ್ಕೆ ಬಹಳ ಹೊತ್ತು ಹಿಡಿಯಿತು. ದನಿ ಬರಲಿಲ್ಲ, ತುಟಿಯಷ್ಟೇ ಆಡಿತು. ಮೊದಲು ಬೇಡಿದ್ದು ಆ ಕೂಸಿನ ಅಪ್ಪನಿಗಾಗಿ. ಓರೆಗಣ್ಣಿನಿಂದ ನೋಡಿದೆ. ಬೀರಪ್ಪ ತನ್ನ ಎಳೆಯ ಮೇಲೆ ಕಣ್ಣಿಟ್ಟಿದ್ದ. ಅವನ ತುಟಿಗಳೂ ಆಡುತ್ತಿದ್ದವು. ಸಂಜೆ ಹೋಗಿ ಟ್ರಂಕಿನ ಅರಿವೆ ಹೊರಗೆ ತೆಗೆದೆ.

ಖೋಲಿ ಆಮೇಲೂ ಖಾಲಿಯೇ ಇತ್ತು, ನಿಮಗೆ ಸುಳ್ಳು ಹೇಳಲಾರೆ. ಬೀರಪ್ಪ ಹೋಗಿ ಎಷ್ಟೋ ವರ್ಷವಾಯಿತು. ಮಿಲ್ಲೂ ಇಲ್ಲ. ಎದುರು ಮನೆಯ ಮಗ್ಗದ ಸಪ್ಪಳದಲ್ಲಿ, ಗೋಡೆಗೆ ಮುಖ ಮಾಡಿ ಕೂತು, ನನ್ನ ದಿನದ ಮಾತು ಮುಗಿಸುತ್ತೇನೆ.

ಇದನ್ನು ನಿಮಗೆ ಹೇಳುತ್ತಿರುವಾಗಲೇ ಕರೆಂಟ್ ಬಂತು. ಆ ಮಗ್ಗ ನಡೆಸುವ ಹೆಣ್ಣುಮಗಳು ದಿನವಿಡೀ ಒಬ್ಬಳೇ ಇರುತ್ತಾಳೆ. ಆಕೆ ಯಾರ ಜೋಡಿಯೂ ಮಾತಾಡಿದ್ದನ್ನು ನಾನು ಕಂಡಿಲ್ಲ. ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಹಾಕಿಕೊಂಡಿದ್ದೇನೆ. ಆಕೆ ತಲೆ ಎತ್ತಿದರೆ ನನ್ನ ತುಟಿ ಕಾಣಬೇಕು.